ನಕ್ಷೆ ಕೊಡದ ಕುಶಲಕರ್ಮಿಯ ಮೇಲೊಂದು ತಕರಾರು

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಳೇ ದುಪ್ಪಟಿಯಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಎಳೆ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮನೆಗೆ ಬಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ. ಹಿಂದೂಸ್ತಾನಿ ಸಂಗೀತದ ಹುಚ್ಚು. ಬಟ್ಟೆ ಬಿಚ್ಚಿದರೆ ಬೀಟೆ ಮರದ ಚೌಕಟ್ಟು, ಹಿತ್ತಾಳೆಯ ತಿರುಗುಗುಂಡಿ, ನೆತ್ತಿಯ ಮೇಲೆ ಎರಡು ಗಾಜಿನ ವಾಲ್ವುಗಳು. ಒಬ್ಬ ವ್ಯಕ್ತಿ ತನ್ನ ಮನೆಯಲ್ಲೇ ಕೂತು, ಕೈಯಿಂದಲೇ ಬೆಸೆದು ಮಾಡಿದ ಹೆಡ್‌ಫೋನ್ ಆಂಪ್ಲಿಫೈಯರ್. ಇವನು ಕೊಟ್ಟ ಬೆಲೆ ನಲವತ್ತೆರಡು ಸಾವಿರ ರೂಪಾಯಿ.

"ಸಾರ್, ಎಡಗಿವಿಯಲ್ಲಿ ಸದ್ದೇ ಇಲ್ಲ. ಮೊದಲಿಂದಲೂ ಹೆಡ್‌ಫೋನ್ ಸಿಕ್ಕಿಸಿದಾಗಲೆಲ್ಲ ಧಬ್ ಅಂತ ಹೊಡೆಯುತ್ತಿತ್ತು. ಕೇಳಿದರೆ, ಅದು ವಾಲ್ವಿನ ಸ್ವಭಾವ, ಅಭ್ಯಾಸವಾಗುತ್ತದೆ ಅಂದರು. ಈಗ ಅವರು ಫೋನನ್ನೇ ಎತ್ತುತ್ತಿಲ್ಲ."

"ಇದರ ನಕ್ಷೆ ಎಲ್ಲಿದೆಯಪ್ಪಾ?" ಎಂದೆ.

"ಯಾವ ನಕ್ಷೆ ಸಾರ್?"

ಈ ಮರುಪ್ರಶ್ನೆಯೇ ನನ್ನಿಂದ ಇಂದಿನ ಲೇಖನವನ್ನು ಬರೆಯಿಸುತ್ತಿದೆ. ಹತ್ತನೆಯ ತರಗತಿಯಲ್ಲಿ ವಿದ್ಯುತ್ ಪಾಠದ ಪ್ರತಿಯೊಂದು ಮಂಡಲವನ್ನೂ ಅಳತೆಪಟ್ಟಿಯಿಟ್ಟು ಅಚ್ಚುಕಟ್ಟಾಗಿ ಬರೆದು ಪೂರ್ಣ ಅಂಕ ಪಡೆದವನು ಈತ. ನಲವತ್ತೆರಡು ಸಾವಿರ ರೂಪಾಯಿ ಎಣಿಸಿ ಕೊಡುವಾಗ, ತಲೆಯ ಮೇಲೆ ಧರಿಸುವ ಒಂದು ವಿದ್ಯುತ್ ಉಪಕರಣದ ಮಂಡಲ ಹೇಗಿದೆಯೆಂದು ಕೇಳಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ. ನಕ್ಷೆ ಬರೆಯುವುದನ್ನು ಕಲಿಸಿದ ನಾನು ನಕ್ಷೆ ಕೇಳುವುದನ್ನು ಕಲಿಸಲಿಲ್ಲ. ಆದ್ದರಿಂದ ಈ ತಕರಾರಿನ ಮೊದಲ ಪಾಲು ನನ್ನ ಮೇಲೆಯೇ ಇರಲಿ.

ವಾಲ್ವನ್ನು ಕಂಡರಿಯದ ಕಿರಿಯರಿಗಾಗಿ ನಾಲ್ಕು ಮಾತು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದು ಕೆಂಪಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನತ್ತ ಹರಿಯುತ್ತವೆ. ನಡುವಿನ ಜಾಲರಿಯ ಮೇಲಿನ ಸಣ್ಣ ವೋಲ್ಟೇಜು ಆ ದೊಡ್ಡ ಹರಿವನ್ನು ತಡೆಯುತ್ತದೆ ಇಲ್ಲವೆ ಬಿಡುತ್ತದೆ. ಕಾಲುವೆಯ ತೂಬಿನಂತೆ. 1904ರಲ್ಲಿ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ವಾಲ್ವನ್ನು ಮಾಡಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಮೂರನೆಯದನ್ನು ಸೇರಿಸಿದರು. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ವಾಲ್ವುಗಳು ಒಂದೊಂದಾಗಿ ಮನೆಗಳಿಂದ ಹೊರಬಿದ್ದವು. ಆದರೂ ಹಾಡು ಕೇಳುವವರಲ್ಲಿ ಒಂದು ಪಂಗಡ ಅವನ್ನು ಬಿಡಲಿಲ್ಲ. ನಾನೂ ಆ ಪಂಗಡದವನೇ. 2011ರ ಬೇಸಗೆ ರಜೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಅಲೆದು ಸಾಮಾನು ಕೂಡಿಸಿ ನಾನೇ ಒಂದು ಆಂಪ್ಲಿಫೈಯರ್ ಮಾಡಿಕೊಂಡೆ. ಇಂದಿಗೂ ರಾತ್ರಿ ಒಂಬತ್ತರ ಮೇಲೆ ಮನ್ಸೂರರನ್ನು ಕೇಳುವುದು ಅದರಲ್ಲೇ. ಹೀಗಾಗಿ ಕೈಯಿಂದ ಮಾಡಿದ ವಾಲ್ವ್ ಆಂಪ್ಲಿಫೈಯರುಗಳ ಶತ್ರುವಾಗಿ ನಾನು ಮಾತನಾಡುತ್ತಿಲ್ಲ. ಅವುಗಳ ಮನೆಯವನಾಗಿಯೇ ಮಾತನಾಡುತ್ತಿದ್ದೇನೆ.

ಹುಡುಗನ ಪೆಟ್ಟಿಗೆಯ ತಳದ ತಗಡನ್ನು ಬಿಚ್ಚಿದೆ. ಬೆಸುಗೆಗಳು ಒಂದೊಂದೂ ಮುತ್ತು ಪೋಣಿಸಿದಂತಿದ್ದವು. ಈ ಮಾತನ್ನು ನಾನು ಮನಃಪೂರ್ವಕವಾಗಿ ಹೇಳುತ್ತಿದ್ದೇನೆ. ನನ್ನ ಕೈಗೆ ಅಂಥ ಬೆಸುಗೆ ಇಂದಿಗೂ ಒಲಿದಿಲ್ಲ. ಆದರೆ ಕೆಪಾಸಿಟರುಗಳ ಮೇಲಿನ ಅಕ್ಷರಗಳನ್ನೆಲ್ಲ ಮರಳು ಕಾಗದದಿಂದ ಉಜ್ಜಿ ಅಳಿಸಲಾಗಿತ್ತು. ಒಂದು ಮೂಲೆಯಲ್ಲಿ ಐದಾರು ಬಿಡಿಭಾಗಗಳ ಮೇಲೆ ಕಪ್ಪು ಅಂಟು ಸುರಿದು ಕಲ್ಲಾಗಿಸಲಾಗಿತ್ತು. ತಂತಿಗಳ ಜಾಡು ಹಿಡಿದು, ಅಂಟಿನೊಳಗಿನದನ್ನು ಹೊರಗಿನಿಂದಲೇ ಅಳೆದು, ಮೂರು ಸಂಜೆ ಕೂತು ನಾನೇ ಅದರ ನಕ್ಷೆ ಬರೆದೆ. ಬರೆದು ಮುಗಿಸಿದಾಗ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

ನಗು ಏಕೆಂದರೆ, ಅಷ್ಟು ಜತನದಿಂದ ಬಚ್ಚಿಟ್ಟ ಗುಟ್ಟು ಯಾವ ಹಳೆಯ ಎಲೆಕ್ಟ್ರಾನಿಕ್ಸ್ ಪಠ್ಯದಲ್ಲಿಯೂ ಸಿಗುವಂಥದು. ವೋಲ್ಟೇಜು ಹೆಚ್ಚಿಸಲು ಒಂದು ಇಸಿಸಿ82, ಅದರ ಹಿಂದೆ ಕ್ಯಾಥೋಡ್ ಫಾಲೋವರ್ ಆಗಿ ಒಂದು 6080. ನನ್ನ ಆಂಪ್ಲಿಫೈಯರಿನಲ್ಲಿರುವುದೂ ಇವೇ ಎರಡು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಹೆಡ್‌ಫೋನನ್ನು ನಡೆಸುವ ಈ ಬಗೆಯನ್ನು ಪ್ರಪಂಚದಾದ್ಯಂತ ಹವ್ಯಾಸಿಗಳು ಎಷ್ಟೋ ಕಾಲದಿಂದ ಮಾಡುತ್ತ ಬಂದಿದ್ದಾರೆ. ವಾಲ್ವಿನ ಹೆಸರಂತೂ ಗಾಜಿನ ಮೇಲೆಯೇ ಅಚ್ಚಾಗಿದೆ!

ಸಿಟ್ಟು ಏಕೆಂದರೆ, ಇರಬೇಕಾದ ಮೂರು ವಸ್ತುಗಳು ಅದರಲ್ಲಿ ಇರಲೇ ಇಲ್ಲ.

ಮೊದಲನೆಯದನ್ನು ಸ್ವಲ್ಪ ವಿವರಿಸಬೇಕು. ಈ ಬಗೆಯ ಆಂಪ್ಲಿಫೈಯರಿನಲ್ಲಿ 6080ರ ಕ್ಯಾಥೋಡ್ ಸುಮಾರು 100 ವೋಲ್ಟಿನಲ್ಲಿ ಕೂತಿರುತ್ತದೆ. ಸಂಗೀತ ಆ 100 ವೋಲ್ಟಿನ ಮೇಲೆ ಸವಾರಿ ಮಾಡುತ್ತಿರುತ್ತದೆ. ಸಂಗೀತವನ್ನು ಮಾತ್ರ ಕಿವಿಗೆ ಬಿಟ್ಟು 100 ವೋಲ್ಟನ್ನು ತಡೆದು ನಿಲ್ಲಿಸುವುದು ಒಂದೇ ಒಂದು ಕೆಪಾಸಿಟರ್. ಅದರ ಹೊರತುದಿಯಿಂದ ನೆಲಕ್ಕೆ ಎರಡು ಕಿಲೋ ಓಮಿನ ಆಸುಪಾಸಿನ ಒಂದು ರೆಸಿಸ್ಟರ್ ಇರಲೇಬೇಕು. ಅದು ಇಲ್ಲವಾದರೆ ಹೆಡ್‌ಫೋನ್ ಸಿಕ್ಕಿಸದೆ ಇದ್ದ ಹೊತ್ತಿನಲ್ಲಿ ಆ ತುದಿಯೂ ನಿಧಾನವಾಗಿ 100 ವೋಲ್ಟಿನತ್ತ ಏರುತ್ತದೆ. ಆಮೇಲೆ ಹೆಡ್‌ಫೋನ್ ಸಿಕ್ಕಿಸಿದ ಕ್ಷಣದಲ್ಲಿ ಅಷ್ಟೂ ಚಾರ್ಜು ಕೂದಲೆಳೆಯ ಸುರುಳಿಯ ಮೂಲಕ ನೆಲಕ್ಕೆ ನುಗ್ಗುತ್ತದೆ. ಆ "ಧಬ್" ಅದೇ. ವಾಲ್ವಿನ ಸ್ವಭಾವವಲ್ಲ, ಎರಡು ರೂಪಾಯಿಯ ರೆಸಿಸ್ಟರಿನ ಗೈರುಹಾಜರಿ. ಮಲ್ಟಿಮೀಟರ್ ಹಿಡಿದು ನೋಡಿದೆ: ಹೆಡ್‌ಫೋನಿನ ಬಲಗಡೆ 300 ಓಮಿನ ಸಮೀಪ ತೋರಿಸಿತು; ಎಡಗಡೆ ಮುಳ್ಳು ಅಲುಗಲಿಲ್ಲ. ಸುರುಳಿ ಕಡಿದುಹೋಗಿತ್ತು.

ಎರಡನೆಯದು ವಿದ್ಯುತ್ ಪೂರೈಕೆಯ ಭಾಗದಲ್ಲಿ. ಅಲ್ಲಿ 220 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್ ಇತ್ತು. ವಾಲ್ವುಗಳು ಬಿಸಿಯಾಗಿದ್ದರೆ ಸ್ವಿಚ್ ಆರಿಸಿದ ಮೇಲೆ ಅದರ ಚಾರ್ಜನ್ನು ಅವೇ ಬರಿದು ಮಾಡುತ್ತವೆ. ಆದರೆ ವಾಲ್ವು ಕಿತ್ತಿದ್ದರೆ, ಅಥವಾ ಅದರ ಹೀಟರ್ ಸುಟ್ಟಿದ್ದರೆ ಚಾರ್ಜಿಗೆ ದಾರಿಯೇ ಇಲ್ಲ. ದುರಸ್ತಿಗೆಂದು ನಾವು ಕೈಹಾಕುವುದೂ ಬಹುಪಾಲು ಅಂಥ ಹೊತ್ತಿನಲ್ಲೇ. ಎರಡೂ ವಾಲ್ವುಗಳನ್ನು ತೆಗೆದು ಅಳೆದಾಗ ಅಲ್ಲಿ 250 ವೋಲ್ಟ್ ಇತ್ತು. ವೈರನ್ನು ಗೋಡೆಯಿಂದ ಕಿತ್ತು, ಅರ್ಧ ಗಂಟೆ ಬಿಟ್ಟು, ಚಹಾ ಕುಡಿದು ಬಂದು ಅಳೆದರೆ ಇನ್ನೂ 150 ವೋಲ್ಟ್! ತರಗತಿಯಲ್ಲಿ ನಾನು ಕಲಿಸಿದ ಸೂತ್ರದಂತೆ 250 ವೋಲ್ಟಿನಲ್ಲಿ ಅದರಲ್ಲಿ ಕೂಡಿಟ್ಟ ಶಕ್ತಿ ಸುಮಾರು 7 ಜೂಲ್. 100 ಕಿಲೋ ಓಮಿನ, ಎರಡು ವಾಟಿನ ಒಂದು ರೆಸಿಸ್ಟರನ್ನು ಅಡ್ಡಕ್ಕೆ ಬೆಸೆದಿದ್ದರೆ ಎರಡೇ ನಿಮಿಷದಲ್ಲಿ ಒಂದು ವೋಲ್ಟಿಗೆ ಇಳಿದಿರುತ್ತಿತ್ತು.

ಮೂರನೆಯದು ಅರ್ತ್. ಪೂರ್ತಿ ಲೋಹದ ತಟ್ಟೆಯ ಮೇಲೆ ಕಟ್ಟಿದ ಯಂತ್ರಕ್ಕೆ ಎರಡು ಪಿನ್ನಿನ ಪ್ಲಗ್. ಟ್ರಾನ್ಸ್‌ಫಾರ್ಮರಿನ ನಿರೋಧನ ಎಂದಾದರೂ ಸೋತರೆ 230 ವೋಲ್ಟ್ ಆ ತಟ್ಟೆಗೂ, ಹಿತ್ತಾಳೆಯ ಗುಂಡಿಗೂ, ತಲೆಯ ಮೇಲಿನ ಹೆಡ್‌ಫೋನಿನ ತಂತಿಗೂ ಬರುತ್ತದೆ. ಹುಡುಗನ ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ವಾಲ್ವಿನ ಕೆಂಪು ಬೆಳಕು ಅವಳಿಗೆ ಬಲು ಇಷ್ಟವಂತೆ. ಹತ್ತಿರ ಕೂತು ನೋಡುತ್ತಾಳಂತೆ. ಈ ಮಾತು ಕೇಳಿದ ಮೇಲೆ ನನಗೆ ನಗು ಉಳಿಯಲಿಲ್ಲ.

ಈಗ ವಾದಕ್ಕೆ ಬರುತ್ತೇನೆ. ನಕ್ಷೆ ಕೊಟ್ಟಿದ್ದರೆ ಈ ಮೂರೂ ದೋಷಗಳು ಕಾಗದದ ಮೇಲೆ, ಯಾರ ಸುರುಳಿಯೂ ಸುಡುವ ಮೊದಲೇ, ಬಲ್ಲವನೊಬ್ಬನ ಕಣ್ಣಿಗೆ ಬೀಳುತ್ತಿದ್ದವು. ನಕ್ಷೆಯೆಂಬುದು ದುರಸ್ತಿಗಾರನ ಅನುಕೂಲಕ್ಕಾಗಿ ಕೊಡುವ ಚೀಟಿ ಮಾತ್ರವಲ್ಲ. ಮಾಡಿದವನು ತನ್ನ ಕೆಲಸಕ್ಕೆ ತಾನೇ ಬರೆದುಕೊಡುವ ಸಾಕ್ಷಿ. ಲೆಕ್ಕದ ಉತ್ತರವನ್ನಷ್ಟೇ ಬರೆದು ಕ್ರಮ ಬರೆಯದ ವಿದ್ಯಾರ್ಥಿಗೆ ನಾನು ಎಂದೂ ಪೂರ್ತಿ ಅಂಕ ಕೊಟ್ಟವನಲ್ಲ. ಕ್ರಮವನ್ನು ಅಂಟು ಸುರಿದು ಮುಚ್ಚಿದವನಿಗೆ ಎಷ್ಟು ಅಂಕ ಕೊಡಬೇಕು?

"ನಕ್ಷೆ ಕೊಟ್ಟರೆ ನಕಲು ಮಾಡುತ್ತಾರೆ, ನಮ್ಮ ಅನ್ನ ಹೋಗುತ್ತದೆ" ಎಂಬುದು ಇಂಥವರ ಮೊದಲ ಉತ್ತರ. ಸಣ್ಣ ಕಸುಬುದಾರನ ಅನ್ನದ ಪ್ರಶ್ನೆಯನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಆದರೆ ಗಿರಾಕಿ ಹಣ ಕೊಡುವುದು ಮಂಡಲಕ್ಕಲ್ಲ. ಮಂಡಲ ಅಜ್ಜಂದಿರ ಆಸ್ತಿ. ನೀವೂ ಅದನ್ನು ಎಲ್ಲಿಂದಲೋ ಕಲಿತವರೇ. ಹಣ ನಿಮ್ಮ ಬೆಸುಗೆಗೆ, ತಂತಿಯನ್ನು ಗುಂಯ್‌ಗುಡದಂತೆ ಹಾಯಿಸುವ ಜಾಣ್ಮೆಗೆ, ಮರದ ಕೆಲಸಕ್ಕೆ, ತಾಳ್ಮೆಗೆ. ಅದನ್ನು ಕಾಗದದಿಂದ ಕದಿಯಲು ಯಾರಿಂದಲೂ ಆಗದು. ಅಡುಗೆಯ ಕ್ರಮ ಪುಸ್ತಕದಲ್ಲಿ ಅಚ್ಚಾಯಿತೆಂದು ಒಳ್ಳೆಯ ಅಡುಗೆಭಟ್ಟರ ಕೆಲಸ ಹೋಗಿದೆಯೇ?

"ನಕ್ಷೆ ನೋಡಿ ಗಿರಾಕಿ ತಾನೇ ಬಿಚ್ಚಿ ಶಾಕ್ ಹೊಡೆಸಿಕೊಂಡಾನು" ಎಂಬುದು ಎರಡನೆಯ ಉತ್ತರ. ಬಿಚ್ಚುವವನು ಹೇಗಿದ್ದರೂ ಬಿಚ್ಚುತ್ತಾನೆ. 250 ವೋಲ್ಟ್ ಎಲ್ಲಿದೆಯೆಂದು ತಿಳಿದು ಬಿಚ್ಚುವುದು ಕ್ಷೇಮವೋ, ತಿಳಿಯದೆ ಬಿಚ್ಚುವುದು ಕ್ಷೇಮವೋ? ಬಹಳ ಜನ ಬಿಚ್ಚುವುದೂ ಇಲ್ಲ. ಊರಿನ ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ಆಗ ಅಲ್ಲಿ ಕೂತವನ ಜೀವಕ್ಕೆ ಬೆಲೆಯಿಲ್ಲವೇ?

ನನ್ನ ಬಾಲ್ಯದಲ್ಲಿ ನಮ್ಮೂರ ಪೇಟೆಯ ರೇಡಿಯೋ ರಿಪೇರಿ ಅಂಗಡಿಯ ಸಾಹೇಬರು ನೆನಪಾಗುತ್ತಾರೆ. ನಮ್ಮ ಮನೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟಿನ ಒಳಮೈಗೆ ಅದರ ಮಂಡಲದ ನಕ್ಷೆಯನ್ನು ಅಂಟಿಸಿತ್ತು. ಅಂದಿನ ಹಲವು ದೊಡ್ಡ ಕಂಪನಿಗಳ ರೇಡಿಯೋಗಳಲ್ಲಿ ಹೀಗೆಯೇ ಇರುತ್ತಿತ್ತು. ಇಲ್ಲವೆ ರಿಪೇರಿಯವರಿಗೆಂದು ಬೇರೆ ಹಾಳೆ ಸಿಗುತ್ತಿತ್ತು. ಸಾಹೇಬರು ಕನ್ನಡಕ ಏರಿಸಿ, ಆ ನಕ್ಷೆಯ ಮೇಲೆ ಪೆನ್ಸಿಲಿನಿಂದ ಒಂದು ಸೊನ್ನೆ ಸುತ್ತಿ, "ಇಲ್ಲಿದೆ ನೋಡು ಮರಿ, ಈ ಕಂಡೆನ್ಸರ್ ಸತ್ತಿದೆ" ಎನ್ನುತ್ತಿದ್ದರು. ಹೊಸದನ್ನು ಹಾಕಿ ಪಕ್ಕದಲ್ಲಿ ತಾರೀಖು ಬರೆಯುತ್ತಿದ್ದರು. ಅವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ನಕ್ಷೆ ಓದಬಲ್ಲವರಾಗಿದ್ದರು, ಅಷ್ಟು ಸಾಕಾಗಿತ್ತು. ಅವರ ಮೇಜಿನ ಮೇಲೆ ಬೆಂಗಳೂರಿನ ಬಿಇಎಲ್ ಮುದ್ರೆಯ ವಾಲ್ವುಗಳ ಪುಟ್ಟ ಪೆಟ್ಟಿಗೆಗಳಿರುತ್ತಿದ್ದವು. ನಮ್ಮ ರಾಜ್ಯದಲ್ಲೇ ತಯಾರಾದದ್ದೆಂದು ತೋರಿಸುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆಯೇ ನನ್ನನ್ನು ಭೌತಶಾಸ್ತ್ರಕ್ಕೆ ಎಳೆದದ್ದೆಂದರೆ ಅತಿಶಯೋಕ್ತಿಯಲ್ಲ.

ಇಂದು ದೊಡ್ಡ ಕಂಪನಿಗಳು ಆ ಮರ್ಯಾದೆಯನ್ನು ಬಿಟ್ಟಿವೆ. ಬಿಚ್ಚಲಾಗದ ಫೋನು, ಬ್ಯಾಟರಿ ತೆಗೆಯಲಾಗದ ಕಿವಿಗುಂಡಿಗಳು ಎಲ್ಲರ ಮನೆಯಲ್ಲಿವೆ. ಇದರ ವಿರುದ್ಧ ಜಗತ್ತಿನಾದ್ಯಂತ ದನಿ ಎದ್ದಿದೆ. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಅಂತರಜಾಲ ತಾಣವನ್ನೂ ತೆರೆಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ದುರಸ್ತಿಯ ಕುರಿತು ನಿರ್ದೇಶನವನ್ನೇ ಅಂಗೀಕರಿಸಿತು. ಕೈಕೆಲಸದವರ ಮಾತಿನಲ್ಲೂ ಈ ಧೋರಣೆಯ ಹೊಗಳಿಕೆ ಧಾರಾಳವಾಗಿದೆ: "ನಮ್ಮದು ಬಿಸಾಡುವ ಸಂಸ್ಕೃತಿಯಲ್ಲ, ತಲೆಮಾರು ಬಾಳುವ ವಸ್ತು." ಬಹಳ ಸಂತೋಷ. ಹಾಗಾದರೆ ಮರಳು ಕಾಗದ ಏಕೆ? ದೊಡ್ಡ ಕಂಪನಿ ಮಾಡಿದರೆ ಅನ್ಯಾಯವಾಗುವುದು, ಬೀಟೆ ಮರದ ಚೌಕಟ್ಟಿನೊಳಗೆ ಮಾಡಿದರೆ ಕಲೆಯಾಗುತ್ತದೆಯೇ? ದೊಡ್ಡ ಕಂಪನಿ ನಾಳೆಯೂ ಇರುತ್ತದೆ, ದೂರು ಕೊಡಲು ಒಂದು ವಿಳಾಸವಾದರೂ ಇರುತ್ತದೆ. ಒಬ್ಬನೇ ಮಾಡುವ ಕಸುಬುದಾರ ಕಾಯಿಲೆ ಬೀಳಬಹುದು, ಬೇರೆ ಕೆಲಸ ಹಿಡಿಯಬಹುದು, ತೀರಿಕೊಳ್ಳಲೂಬಹುದು. ಆದ್ದರಿಂದ ನಕ್ಷೆ ಕೊಡುವ ಹೊಣೆ ಅವನಿಗೆ ಹೆಚ್ಚೇ ಹೊರತು ಕಡಿಮೆಯಲ್ಲ.

"ಇಷ್ಟೆಲ್ಲ ರಗಳೆಯ ವಾಲ್ವು ಯಾಕೆ ಬೇಕು ಮೇಷ್ಟ್ರೇ, ಸಾವಿರ ರೂಪಾಯಿಯ ಚಿಪ್ ಸಾಲದೇ?" ಎಂದು ಕೇಳುವವರಿದ್ದಾರೆ. ಅಳತೆಯಲ್ಲಿ ಚಿಪ್ಪೇ ಮೇಲು. ಒಳ್ಳೆಯ ಚಿಪ್ ಸ್ವರವನ್ನು ಕೆಡಿಸುವುದು ವಾಲ್ವಿಗಿಂತ ಎಷ್ಟೋ ಪಾಲು ಕಡಿಮೆ. 6080 ತನ್ನ ಹೀಟರಿಗೆ ಮಾತ್ರವೇ 6.3 ವೋಲ್ಟಿನಲ್ಲಿ 2.5 ಆಂಪಿಯರ್, ಅಂದರೆ ಹದಿನಾರು ವಾಟಿನ ಹತ್ತಿರ ತಿನ್ನುತ್ತದೆ. ಒಂದು ಎಲ್‌ಇಡಿ ದೀಪಕ್ಕಿಂತ ಹೆಚ್ಚು. ವಾಲ್ವಿನ ಧ್ವನಿ ನನಗೆ ಹಿತವೆನಿಸುತ್ತದೆ, ಆದರೆ ಅದರ ಹೆಸರಿನಲ್ಲಿ ಜಗಳಕ್ಕೆ ನಿಲ್ಲಲಾರೆ. ನಾನು ಅದನ್ನು ಇಟ್ಟುಕೊಂಡಿರುವ ಕಾರಣ ಬೇರೆ. ಅದರ ಪ್ರತಿಯೊಂದು ಅಂಗವನ್ನೂ ಕಣ್ಣಿನಿಂದ ಕಾಣಬಹುದು, ಬೆರಳಿನಿಂದ ತೋರಿಸಬಹುದು, ಹಾಳಾದರೆ ಬದಲಿಸಬಹುದು. ಇಸಿಸಿ82 ಇಂದಿಗೂ ಸ್ಲೊವಾಕಿಯಾದಲ್ಲಿ ತಯಾರಾಗುತ್ತದೆ. ಅರ್ಧ ಶತಮಾನದ ಹಿಂದಿನ ಸಾಕೆಟ್ಟಿಗೆ ಅದು ಸರಿಯಾಗಿ ಕೂರುತ್ತದೆ. ನಕ್ಷೆಯನ್ನು ಬಚ್ಚಿಟ್ಟು ಈ ಒಂದು ಗುಣವನ್ನೂ ಕಸಿದರೆ ಉಳಿಯುವುದೇನು? ಕರೆಂಟು ಹೆಚ್ಚು ತಿನ್ನುವ ದುಬಾರಿ ದೀಪ.

ಕೊಳ್ಳುವವರಿಗೂ ನನ್ನದು ಎರಡು ಮಾತಿದೆ. ಮೂವತ್ತು ವರ್ಷ ಹಳೆಯ "ಅಪರೂಪದ" ವಾಲ್ವಿಗೆ ಹತ್ತು ಸಾವಿರ ಸುರಿಯುವವರು, ಕೆಳಗಿನ ಕೆಪಾಸಿಟರ್ ಒಣಗುತ್ತಿದೆಯೇ ಎಂದು ನೋಡುವುದಿಲ್ಲ. ಗುಂಯ್ ಎಂಬ ಸದ್ದಿಗೆ "ವಾಲ್ವಿನ ಬೆಚ್ಚನೆಯ ಸ್ವರ" ಎಂದು ನಾಮಕರಣ ಮಾಡುತ್ತಾರೆ. ಅದು ಬೆಚ್ಚನೆಯೂ ಅಲ್ಲ, ಸ್ವರವೂ ಅಲ್ಲ. ಅದು ಹೇಳುವುದನ್ನು ಆಲಿಸಲು ಕಲಿತರೆ ಸಾಕು: 100 ಹರ್ಟ್ಸಿನ ಗುಂಯ್ ಬಹುಮಟ್ಟಿಗೆ ಪೂರೈಕೆಯ ಕೆಪಾಸಿಟರ್ ಸೋತಿದೆಯೆಂಬ ದೂರು, ಅದಕ್ಕಿಂತ ಒಂದು ಸಪ್ತಕ ಕೆಳಗೆ 50 ಹರ್ಟ್ಸಿನದಾದರೆ ಅರ್ತ್ ಅಥವಾ ತಂತಿಯ ಓಟ ಸರಿಯಿಲ್ಲವೆಂಬ ದೂರು.

ಪಾಲನೆ ದೊಡ್ಡ ವಿದ್ಯೆಯೇನಲ್ಲ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಮುಗಿದೊಡನೆ ವಾಲ್ವುಗಳನ್ನು ತಣ್ಣಗಿರುವಾಗ ತೆಗೆದು, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಇರುವೆ ಗೂಡು ಕಟ್ಟಿದೆಯೇ, ಹಲ್ಲಿ ಮೊಟ್ಟೆಯಿಟ್ಟಿದೆಯೇ ನೋಡುತ್ತೇನೆ, ಎರಡೂ ಆಗಿದೆ. ವಾಲ್ವಿನ ನೆತ್ತಿಯ ಬೆಳ್ಳಿಯಂಥ ಬೇರಿಯಂ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿತೆಂದು ತಿಳಿದು ಎಸೆಯಬೇಕು. ವರ್ಷಕ್ಕೊಮ್ಮೆ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ನಕ್ಷೆಯಲ್ಲಿ ಗುರುತಿಸಿದ ಆರು ಜಾಗಗಳ ವೋಲ್ಟೇಜು ಅಳೆದು ಹಳೆಯ ಅಂಕಿಗಳ ಪಕ್ಕ ಬರೆಯುತ್ತೇನೆ. 2019ರಲ್ಲಿ ಒಂದು ಇಸಿಸಿ82, 2022ರಲ್ಲಿ ಪೂರೈಕೆಯ ಕೆಪಾಸಿಟರುಗಳು ಬದಲಾದವು. ಬಿಸಿಲಿಗೂ ವಾಲ್ವಿನ ಕಾವಿಗೂ ಅವು ಬೇಗ ಒಣಗುತ್ತವೆ. ಹತ್ತು ಡಿಗ್ರಿ ತಂಪಾಗಿಟ್ಟರೆ ಆಯುಷ್ಯ ಹೆಚ್ಚು ಕಡಿಮೆ ಇಮ್ಮಡಿ. ಹದಿನಾಲ್ಕು ವರ್ಷಗಳ ಚರಿತ್ರೆ ಇಷ್ಟೇ, ಸಾಹೇಬರಂತೆ ಪೆನ್ಸಿಲಿನಲ್ಲಿ ಬರೆದದ್ದು. ಈ ಒಂದೊಂದು ಕೆಲಸಕ್ಕೂ ನಕ್ಷೆ ಬೇಕು.

ಆದ್ದರಿಂದ ಹಣ ಎಣಿಸುವ ಮುನ್ನ ನಾಲ್ಕನ್ನು ಕೇಳಿ. ಒಂದು, ವೋಲ್ಟೇಜುಗಳನ್ನು ಗುರುತಿಸಿದ ನಕ್ಷೆ. ಎರಡು, ಅಳಿಸದ, ಅಂಟು ಸುರಿಯದ ಬಿಡಿಭಾಗಗಳು. ಮೂರು, ಫ್ಯೂಸು, ಮೂರು ಪಿನ್ನಿನ ಪ್ಲಗ್ಗು, ಚಾರ್ಜು ಇಳಿಸುವ ರೆಸಿಸ್ಟರುಗಳು ಇವೆಯೆಂಬ ಬರಹ. ನಾಲ್ಕು, ಎಷ್ಟು ಓಮಿನ ಹೆಡ್‌ಫೋನಿಗೆ ಇದು ಹೊಂದುತ್ತದೆಂಬ ಮಾಹಿತಿ. 100 ಮೈಕ್ರೋಫ್ಯಾರಡಿನ ಔಟ್‌ಪುಟ್ ಕೆಪಾಸಿಟರ್ 300 ಓಮಿನೊಡನೆ ಸುಮಾರು 5 ಹರ್ಟ್ಸಿನವರೆಗೂ ಇಳಿಯುತ್ತದೆ. 32 ಓಮಿನೊಡನೆ 50 ಹರ್ಟ್ಸಿಗೇ ಸೊರಗತೊಡಗಿ ತಬಲದ ಬಾಯಾ ಬಡವಾಗುತ್ತದೆ. ಈ ನಾಲ್ಕರಲ್ಲಿ ಒಂದಕ್ಕಾದರೂ "ಅದೆಲ್ಲ ನಿಮಗ್ಯಾಕೆ?" ಎಂಬ ಉತ್ತರ ಬಂದರೆ ಕೈಮುಗಿದು ಎದ್ದು ಬನ್ನಿ.

ಹುಡುಗನ ಯಂತ್ರಕ್ಕೆ ಮೂರು ರೆಸಿಸ್ಟರ್ ಬೆಸೆದೆ, ಅರ್ತ್ ತಂತಿ ಎಳೆದೆ, ಪ್ಲಗ್ ಬದಲಿಸಿದೆ. ಒಟ್ಟು ಖರ್ಚು ನೂರೈವತ್ತು ರೂಪಾಯಿ ದಾಟಲಿಲ್ಲ. ಸುಟ್ಟ ಹೆಡ್‌ಫೋನಿನ ನಷ್ಟ ಅವನದೇ. ನಾನು ಬರೆದ ನಕ್ಷೆಯ ಒಂದು ಪ್ರತಿಯನ್ನು ತಳದ ತಗಡಿನ ಒಳಮೈಗೆ ಅಂಟಿಸಿದೆ. ಅಂಟಿನ ಕಲ್ಲಿನೊಳಗಿನ ಎರಡು ಭಾಗಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿದಿದೆ. ಅಷ್ಟರ ಮಟ್ಟಿಗೆ ಆ ಯಂತ್ರ ಇನ್ನೂ ಹುಡುಗನದಾಗಿಲ್ಲ. ಇನ್ನೊಂದು ಪ್ರತಿಯನ್ನು ಮಾಡಿದವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ, ಎಲ್ಲಿ ಯಾವ ರೆಸಿಸ್ಟರ್ ಬೇಕೆಂದು ಕೆಂಪು ಮಸಿಯಲ್ಲಿ ಗುರುತು ಮಾಡಿ. ಅವರು ಮಾಡಿಕೊಟ್ಟ ಇನ್ನೂ ಎಷ್ಟು ಯಂತ್ರಗಳು ಎಷ್ಟು ಮನೆಗಳಲ್ಲಿ ಉರಿಯುತ್ತಿವೆಯೋ ಎಂಬ ಚಿಂತೆಯಿಂದ ಕಳಿಸಿದ್ದೇ ಹೊರತು ಹಂಗಿಸಲು ಅಲ್ಲ. ಉತ್ತರ ಬಂದಿಲ್ಲ.

ಇದು ಅವರ ಕಣ್ಣಿಗೆ ಬಿದ್ದರೆ ಇಷ್ಟು ಹೇಳಬಯಸುತ್ತೇನೆ: ಸ್ವಾಮಿ, ನಿಮ್ಮ ಬೆಸುಗೆ ನನ್ನದಕ್ಕಿಂತ ಬಹಳ ಚೆನ್ನಾಗಿದೆ. ದಯವಿಟ್ಟು ಆ ಎರಡು ಪ್ರಶ್ನಾರ್ಥಕ ಚಿಹ್ನೆಗಳ ಜಾಗದಲ್ಲಿ ಬರೆಯಬೇಕಾದದ್ದನ್ನು ತಿಳಿಸಿ. ಮತ್ತು ಉಳಿದ ಗಿರಾಕಿಗಳಿಗೆ ಫೋನ್ ಮಾಡಿ, ಇವತ್ತೇ.